ಬೊಮ್ಮಪ್ಪನ ಗಳಿಗೆ

೨೦೨೨ನೇ ಇಸವಿ ನವೆಂಬರ್ ೨೭, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಕೊರಟಗೆರೆಯಲ್ಲಿ ನಿಂತಿದ್ದ ಖಾಸಗಿ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತ ಅನಸೂಯ ಚೀಲದೊಳಕ್ಕೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿಟ್ಟ ಥರ್ಮಾಮೀಟರು ಒಡೆದಿಲ್ಲವೆಂದು ಮೂರನೆಯ ಸಲ ಮುಟ್ಟಿ ನೋಡಿಕೊಂಡಳು. ಅದು ಕಾಲೇಜಿನ ಪ್ರಯೋಗಾಲಯದ್ದು. ಇಪ್ಪತ್ತೇಳು ವರ್ಷ ಮಧುಗಿರಿಯಲ್ಲಿ ಭೌತಶಾಸ್ತ್ರ ಪಾಠ ಹೇಳಿದ ಅವಳು ಅಲ್ಲಿನ ಒಂದು ಸಾಮಾನನ್ನು ಯಾರಿಗೂ ಹೇಳದೆ ಹೊರಗೆ ತಂದದ್ದು ಇದೇ ಮೊದಲು. ನಿನ್ನೆ ಸಂಜೆ ಕಪಾಟು ತೆಗೆಯುವಾಗ ಅಟೆಂಡರ್ ದಾಕ್ಷಾಯಣಮ್ಮ ಬಾಗಿಲಲ್ಲೇ ನಿಂತಿದ್ದಳು, ಏನೂ ಕೇಳಲಿಲ್ಲ. ಕೇಳದೆ ಹೋದದ್ದೇ ಈಗ ಚುಚ್ಚುತ್ತಿತ್ತು. ಕೇಳಿದ್ದರೆ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಕೆಳಗೆ ಕಂಡಕ್ಟರು, ಇಪ್ಪತ್ತೆರಡರ ಹುಡುಗ, ಟೀ ಕುಡಿಯಲು ಇಳಿದವರಿಗೆ, "ಹತ್ತು ನಿಮ್ಸ ಐತೆ, ನಿಧಾನಕ್ಕೆ ಕುಡ್ಕಂಡು ಬನ್ನಿ" ಅಂದಿದ್ದ. ನಾಲ್ಕು ನಿಮಿಷಕ್ಕೇ ಸೀಟಿ ಊದಿದ. ಲೋಟ ಹಿಡಿದುಕೊಂಡೇ ಓಡಿಬಂದ ಒಬ್ಬರು ಫುಟ್‌ಬೋರ್ಡಿಗೆ ಜೋತುಬಿದ್ದು ಕೂಗಿದರು.

"ಲೇ, ಹತ್ತು ನಿಮ್ಸ ಅಂದಲ್ಲೋ! ಬಾಯೆಲ್ಲಾ ಸುಟ್ಟೋಯ್ತು!"

"ಬೊಮ್ಮಪ್ಪನ ಗಳಿಗೆ ಲೆಕ್ಕ ಕಣಣ್ಣ, ಬೊಮ್ಮಪ್ಪನ ಗಳಿಗೆ!"

ಬಸ್ಸೆಲ್ಲ ನಕ್ಕಿತು. ಅನಸೂಯಳ ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೂ ನಕ್ಕಳು. ನಕ್ಕು, ನೀನೂ ನಗು ಅನ್ನುವ ಹಾಗೆ ಇವಳ ಮುಖ ನೋಡಿದಳು. ಅನಸೂಯ ನಗುವಿನಂಥದೇನನ್ನೋ ತುಟಿಗೆ ತಂದುಕೊಂಡಳು. ಈ ಹುಡುಗನಿಗೆ ಬೊಮ್ಮಪ್ಪ ಯಾರೆಂದು ಗೊತ್ತಿರಲಾರದು. ಬೊಮ್ಮಪ್ಪ ಎನ್ನುವವನೊಬ್ಬ ಎಂಬತ್ತು ದಾಟಿ ಇನ್ನೂ ಬದುಕಿದ್ದಾನೆ, ಈ ಬಸ್ಸು ಹೋಗುವ ಕಡೆಯೇ ಇದ್ದಾನೆ ಎಂದರೆ ನಂಬಲಾರ. ಸೇರು ಕಡಿಮೆ ಅಳೆದ ಹಾಲಿನವಳಿಗೆ, ಗಂಟೆಗೆ ಮುಂಚೆ ಕೆಲಸ ಬಿಟ್ಟ ಆಳಿಗೆ, ಅರ್ಧಕ್ಕೇ ಎದ್ದ ಪೂಜಾರಿಗೆ ಈ ಸೀಮೆಯಲ್ಲಿ ಒಂದೇ ಮಾತು. ಒಬ್ಬ ಮನುಷ್ಯನ ಹೆಸರು ಗಾದೆಯಾಗುವುದಕ್ಕೆ ಎಷ್ಟು ವರ್ಷ ಬೇಕು ಎಂದು ಅವಳು ಎಷ್ಟೋ ಸಲ ಲೆಕ್ಕ ಹಾಕಿದ್ದಳು. ಹೆಚ್ಚು ಬೇಡ. ಅವಳು ಎರಡನೇ ಪಿಯುಸಿ ಮುಗಿಸುವ ಹೊತ್ತಿಗೇ ತುಮಕೂರಿನ ಹಾಸ್ಟೆಲಿನಲ್ಲಿ ಪಾವಗಡದ ಹುಡುಗಿಯೊಬ್ಬಳ ಬಾಯಲ್ಲಿ ಅದನ್ನು ಕೇಳಿದ್ದಳು. ಕೇಳಿ ಹೆಮ್ಮೆಪಟ್ಟಿದ್ದಳು ಕೂಡ. ಅದು ನಮ್ಮೂರಿನದು, ಅದನ್ನು ಅಳೆದದ್ದು ನಾನು, ಎಂದಿದ್ದಳು.

ಒಬಳರಾಜು ಫೋನು ಮಾಡಿ ನಾಲ್ಕು ದಿನವಾಗಿತ್ತು. "ಮೇಡಂ, ನಾನು ಒಬಳರಾಜು, ಬಿದರೆಕಟ್ಟೆ. ನೀರಗಂಟಿ ಬೊಮ್ಮಪ್ಪನ ಮಗ." ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಒಟ್ಟಿಗೆ ಓದಿದವನು ಹೀಗೆ ಗುರುತು ಹೇಳಿಕೊಂಡದ್ದು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು, ಅವನೇನೂ ಹೊಡೆಯಲೆಂದು ಹೇಳಿರಲಿಲ್ಲ. ಊರ ಕಟ್ಟೆ ಇಪ್ಪತ್ತೆರಡು ವರ್ಷಕ್ಕೆ ತುಂಬಿ ಕೋಡಿ ಹೋಗಿದೆ, ಅಂದ. ಭಾನುವಾರ ತೂಬು ಎತ್ತಿ ಹೊಲಗಳಿಗೆ ನೀರು ಬಿಡುತ್ತಾರೆ. ತೂಬಿನ ಮನೆಗೆ ಸುಣ್ಣ ಬಣ್ಣ ಆಗಿದೆ, ಹಳೆಯ ಕಾಲದ ಕಟ್ಟಡ ಅಂತ ಬೋರ್ಡು ಹಾಕುತ್ತಾರಂತೆ. ನೀರಿನ ಸರತಿಯ ಹೊತ್ತು ಅಳೆಯಲು ಹಳೆಯ ಬಟ್ಟಲೋ ಮೊಬೈಲೋ ಅಂತ ಜಗಳ ಹತ್ತಿದೆ. "ಬಟ್ಟಲು ಸರಿ ಐತಾ ಇಲ್ವಾ ಅಂತ ನೋಡಾಕೆ ನೀವೇ ಬರ್ಬೇಕಂತೆ. ಅವತ್ತು ನೋಡ್ದೋರೂ ನೀವೇ ತಾನೆ?" ಆ 'ತಾನೆ'ಯಲ್ಲಿ ಏನಾದರೂ ಇತ್ತೇ ಎಂದು ಅವಳು ನಾಲ್ಕು ರಾತ್ರಿ ಹೊರಳಾಡಿದ್ದಳು. ಏನೂ ಇದ್ದಿರಲಾರದು. ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

ಬಸ್ಸು ಊರು ಬಿಟ್ಟು ಹುಣಸೆಮರಗಳ ಸಾಲಿಗೆ ಬಿತ್ತು. ಕಲ್ಲುಗುಡ್ಡಗಳ ನಡುವೆ ಈ ಸಲದ ಮಳೆಗೆ ಹುಲ್ಲು ಎದೆಮಟ್ಟ ಬೆಳೆದು ಸೀಮೆಯ ಗುರುತೇ ಸಿಗದ ಹಾಗಾಗಿತ್ತು. ಆ ಏಪ್ರಿಲ್‌ನಲ್ಲಿ ಒಂದು ಎಸಳು ಹಸಿರಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೇಳು. ಇದ್ದ ಹಸಿರೆಲ್ಲ ಕಟ್ಟೆಯ ಏರಿಯ ಬುಡದಲ್ಲಿ, ನೀರು ಹಂಚುವ ನೀರಗಂಟಿ ಬೊಮ್ಮಪ್ಪನಿಗೆ ಆ ಕೆಲಸಕ್ಕೆ ಬಿಟ್ಟ ಮಾನ್ಯದ ಗದ್ದೆಯಲ್ಲಿ ಮಾತ್ರ ಇತ್ತು. ಎಲ್ಲರ ಕಣ್ಣು ಕುಕ್ಕಿದ್ದು ಅದೇ. ತೂಬಿನ ಮನೆಯಲ್ಲಿ ತಾಮ್ರದ ಬಟ್ಟಲೊಂದಿತ್ತು. ದಪ್ಪ ತಳ, ತಳದಲ್ಲಿ ಸೂಜಿಮೊನೆಯಷ್ಟು ತೂತು. ಅದನ್ನು ನೀರಿನ ಮೇಲೆ ಬಿಟ್ಟರೆ ಹನಿಹನಿಯಾಗಿ ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ. ಹಗಲಿರುಳು ಸೇರಿ ಅರವತ್ತು ಬಟ್ಟಲು. ಈ ಹೊಲಕ್ಕೆ ಮೂರು ಬಟ್ಟಲು ನೀರು, ಆ ಹೊಲಕ್ಕೆ ಐದು ಬಟ್ಟಲು ಎಂದು ಅಜ್ಜಂದಿರ ಕಾಲದ ಸರತಿ. ಅರವತ್ತೂ ಮುಗಿದ ಮೇಲೆ ಮರುದಿನದ ಹೊತ್ತು ಹುಟ್ಟುವವರೆಗೆ ಏನಾದರೂ ನೀರು ಉಳಿದರೆ ಅದು ನೀರಗಂಟಿಯ ಗದ್ದೆಗೆ. ಬಟ್ಟಲು ಬೇಗ ಮುಳುಗಿದರೆ ಊರಿನವರಿಗೆ ಕಡಿಮೆ, ನೀರಗಂಟಿಗೆ ಹೆಚ್ಚು. ಬೊಮ್ಮಪ್ಪ ತೂತನ್ನು ದೊಡ್ಡದು ಮಾಡಿದ್ದಾನೆ ಎಂದು ಯಾರು ಮೊದಲು ಅಂದರೋ. ಏರಿಯ ಬುಡದಲ್ಲಿ ನೀರು ಜಿನುಗುತ್ತದೆ, ಅಲ್ಲಿ ಕಲ್ಲು ನೆಟ್ಟರೂ ಚಿಗುರುತ್ತದೆ ಎಂದು ಯಾಕೆ ಒಬ್ಬರೂ ಅನ್ನಲಿಲ್ಲ? ಅವಳ ಅಪ್ಪ ಗಂಗಣ್ಣ ಪಂಚಾಯ್ತಿಯಲ್ಲಿ ಎದ್ದು ನಿಂತು, "ನಮ್ಮ ಅನಸೂಯ ಸೈನ್ಸು ಓದ್ತಾವ್ಳೆ. ವಾಚೂ ಐತೆ. ಅವಳೇ ನೋಡ್ಲಿ" ಎಂದಿದ್ದ. ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಕ್ಲಾಸು ಬಂದದ್ದಕ್ಕೆ ಕೊಡಿಸಿದ ವಾಚು. ಎಲ್ಲರಿಗೂ ಕಾಣಲೆಂದು ಚಾವಡಿಯ ಮುಂದೆ ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಬಟ್ಟಲು ಬಿಟ್ಟರು. ನಡುಮಧ್ಯಾಹ್ನ, ಬರಿಗಾಲಿನವರು ಕಾಲು ಬದಲಿಸುತ್ತ ನಿಂತಿದ್ದರು. ಬೊಮ್ಮಪ್ಪ ಒಂದೇ ಮಾತು ಹೇಳಿದ್ದು: "ತೂಬಿನ ನೀರೇ ತರ್ಬೇಕು ಕಣ್ರಪ್ಪ. ಈ ನೀರು ಬಟ್ಟಲಿಗೆ ಗುರ್ತಿಲ್ಲ." ಯಾರೋ, "ಬಟ್ಟಲೇನು ನಿನ್ ನೆಂಟನೇನ್ಲಾ, ಗುರುತು ಹಿಡಿಯಾಕೆ?" ಅಂದರು. ಜನ ಗೊಳ್ಳೆಂದಿತು. ಅವಳೂ ನಕ್ಕಳು. ವಾಚಿನ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ವಿದ್ಯಾವಂತಳಾದ ಹುಡುಗಿ ಮೌಢ್ಯಕ್ಕೆ ನಗುವ ಹಾಗೆ ನಕ್ಕಳು. ಇಪ್ಪತ್ತೊಂದು ನಿಮಿಷ ಇಪ್ಪತ್ತು ಸೆಕೆಂಡು. ಸೆಕೆಂಡನ್ನೂ ಬಿಡದೆ ಹೇಳಿದ್ದಳು.

ಕಂಡಕ್ಟರು ಚಿಲ್ಲರೆ ಕೊಡಲು ಬಂದು, "ಬಿದರೆಕಟ್ಟೆ ಗೇಟಾ ಮೇಡಂ? ತೂಬು ಎತ್ತಾದು ನೋಡಾಕಾ?" ಅಂದ. ಹೌದೆಂದು ತಲೆಯಾಡಿಸಿದಳು. ಅವನಿಗೆ ಹೇಳಿಬಿಡಬಹುದು. ಪರಿಚಯವಿಲ್ಲದವರಿಗೆ ಹೇಳುವುದು ಸುಲಭ. ಹೇಳಬೇಕಾದದ್ದು ಅವಳಿಗೆ ಗೊತ್ತಾದದ್ದು ಯಾವಾಗ? ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಸಣ್ಣ ಕೊಳವೆಯಲ್ಲಿ ನೀರು ಹರಿಸುವ ಪ್ರಯೋಗ. ಶ್ರೀಲತಾ ಎನ್ನುವ ಹುಡುಗಿಯ ರೆಕಾರ್ಡು ತಿದ್ದುತ್ತಿದ್ದಳು. ಅದೇ ಕೊಳವೆ, ಅದೇ ಎತ್ತರ, ಆದರೆ ಹುಡುಗಿಯ ಉತ್ತರ ಬೇರೆಯವರಿಗಿಂತ ಹತ್ತಕ್ಕೊಂದು ಪಾಲು ಆಚೆ. ಕೆಂಪು ಶಾಯಿಯಲ್ಲಿ 'ನೀರಿನ ತಾಪಮಾನ ಎಲ್ಲಿ?' ಎಂದು ಬರೆದಳು. ಬರೆದ ಪೆನ್ನು ಪ್ರಶ್ನೆ ಚಿಹ್ನೆಯ ಚುಕ್ಕಿಯ ಮೇಲೇ ನಿಂತು ಕಾಗದದ ಮೇಲೆ ಶಾಯಿ ಹರಡಿಕೊಂಡಿತು. ನೀರು ಬಿಸಿಯಾದಷ್ಟೂ ತೆಳುವಾಗುತ್ತದೆ. ತೆಳುವಾದ ನೀರು ಸಣ್ಣ ತೂತಿನಲ್ಲಿ ಬೇಗ ನುಗ್ಗುತ್ತದೆ. ತೂಬಿನ ಗುಂಡಿಯ ನೀರು ಕಟ್ಟೆಯ ತಳದಿಂದ ಬರುವುದು, ಬೇಸಿಗೆಯಲ್ಲೂ ತಣ್ಣಗೆ. ಬೊಮ್ಮಪ್ಪ ಪ್ರತಿ ಸಲವೂ ತೂಬಿನ ಮನೆಯ ಬಾನಿಯ ನೀರು ಚೆಲ್ಲಿ ಗುಂಡಿಯಿಂದ ಹೊಸ ನೀರು ತುಂಬಿ, ಬಿಸಿಲು ಬೀಳದ ಮೂಲೆಯಲ್ಲಿ ಬಟ್ಟಲು ಬಿಡುತ್ತಿದ್ದ. ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನಪ್ಪ ಹಾಗೆ ಮಾಡುತ್ತಿದ್ದ. ಯಾಕೆ ಎಂದು ಗೊತ್ತಿರಬೇಕಾದವಳು ಅವಳು. ಅವತ್ತು ಅವಳು ಹೊತ್ತು ಬರೆದುಕೊಂಡಿದ್ದಳು, ತಾರೀಖು ಬರೆದುಕೊಂಡಿದ್ದಳು. ನೀರಿಗೆ ಒಂದು ಬೆರಳು ಅದ್ದಿರಲಿಲ್ಲ.

ಆಮೇಲೆ ಅವಳು ಮಾಡಿದ್ದು ಇಷ್ಟೇ: ಪ್ರತಿ ವರ್ಷ ಮೊದಲನೇ ಪ್ರಯೋಗದ ದಿನ, ರೆಕಾರ್ಡಿನ ಮೇಲ್ತುದಿಯಲ್ಲಿ ತಾಪಮಾನ ಬರೆಯದವರನ್ನು ಹೊರಗೆ ನಿಲ್ಲಿಸುವುದು. ಮಕ್ಕಳು ಬೆನ್ನ ಹಿಂದೆ 'ಡಿಗ್ರಿ ಮೇಡಂ' ಅನ್ನುತ್ತಿದ್ದರು. ಬೊಮ್ಮಪ್ಪನ ಕೈಯಿಂದ ತೂಬಿನ ಬೀಗದ ಕೈ ಹೋಗಿ, ಮಾನ್ಯದ ಗದ್ದೆ ಹೋಗಿ, ಒಬಳರಾಜು ಕಾಲೇಜು ಬಿಟ್ಟು ಟೆಂಪೋ ಕೆಲಸಕ್ಕೆ ಸೇರಿದ್ದನ್ನು ಹಿಂದೆ ಹಾಸ್ಟೆಲಿನಿಂದ ರಜಕ್ಕೆ ಬಂದಾಗಲೇ ಕೇಳಿದ್ದಳು. ಒಮ್ಮೆ ಮಧುಗಿರಿ ಬಸ್‌ಸ್ಟಾಂಡಿನಲ್ಲಿ ಬೊಮ್ಮಪ್ಪನ ಹೆಂಡತಿ ಚಿಕ್ಕಕ್ಕ ಅವರೆಕಾಯಿ ಮೂಟೆ ಇಟ್ಟುಕೊಂಡು ಕೂತಿದ್ದಳು. ಅನಸೂಯ ತಟ್ಟನೆ ಚೀಲದ ಬಾಯಿ ತೆರೆದು ಏನನ್ನೋ ಹುಡುಕತೊಡಗಿದಳು. ಬಸ್ಸು ಬರುವವರೆಗೂ ಹುಡುಕಿದಳು. ಹತ್ತುವಾಗ ಹಿಂದಿನಿಂದ, "ಸಿಕ್ತೇನವ್ವಾ?" ಎಂಬ ದನಿ ಕೇಳಿಸಿತ್ತು.

ಗೇಟಿನಲ್ಲಿಳಿದು ಏರಿ ಹತ್ತಿದರೆ ಕಣ್ಣ ತುಂಬ ನೀರು. ಜಯಮಂಗಲಿ ಹೊಳೆಯ ಈ ಮೇಲ್ಭಾಗದಲ್ಲಿ ಇಷ್ಟೊಂದು ನೀರು ಇಷ್ಟು ಸದ್ದಿಲ್ಲದೆ ಮಲಗಿರುವುದನ್ನು ಅವಳು ಮರೆತೇಬಿಟ್ಟಿದ್ದಳು. ಎರಡು ಕಲ್ಲುಕಂಬ, ನಡುವೆ ತೂಬಿನ ಕಬ್ಬಿಣದ ತಿರುಪು, ಅದರ ಪಕ್ಕದಲ್ಲಿ ಒಂದೇ ಕೋಣೆಯ ಕಲ್ಲಿನ ಮನೆ. ಹೊಸ ಸುಣ್ಣದ ವಾಸನೆ. ಬಾಗಿಲ ಮೇಲೆ ಬಟ್ಟೆ ಮುಚ್ಚಿದ ಬೋರ್ಡು. ನಲವತ್ತು ಐವತ್ತು ಜನ ಸೇರಿದ್ದರು. ಮನೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬೊಮ್ಮಪ್ಪ ಕೂತಿದ್ದ. ಎಷ್ಟು ಸಣ್ಣಗಾಗಿದ್ದ! ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಲರಿನೊಳಗೆ ಕುತ್ತಿಗೆ ಹಕ್ಕಿಯದರಂತೆ ಆಡುತ್ತಿತ್ತು. ಪಕ್ಕದಲ್ಲಿ ನೆಲದ ಮೇಲೆ ಚಿಕ್ಕಕ್ಕ, ಎಲೆಗೆ ಸುಣ್ಣ ಸವರುತ್ತ.

"ಬಂದ್ಬುಟ್ರಾ ಮೇಡಂ," ಒಬಳರಾಜು ಓಡಿಬಂದು ಚೀಲಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ. "ಕೆಲ್ಸ ಏನೂ ಉಳಿದಿಲ್ಲ ಬುಡಿ. ಜಯರಾಮು ಆಗ್ಲೇ ನೋಡ್ಬುಟ್ಟ."

ಜಯರಾಮು ನೀರು ಬಳಕೆದಾರರ ಸಂಘದ ಕಾರ್ಯದರ್ಶಿ, ಮೂವತ್ತರ ಚುರುಕು ಮನುಷ್ಯ. ಜಗಲಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟಬ್ಬೊಂದರಲ್ಲಿ ಬಟ್ಟಲು ಮುಳುಗಿ ಕೂತಿತ್ತು. ಅವನು ಮೊಬೈಲು ತೋರಿಸಿದ. "ಇಪ್ಪತ್ತೊಂದು ನಿಮಿಷ ಮೂವತ್ತೈದು ಸೆಕೆಂಡು ಮೇಡಂ. ನೀವು ಅವತ್ತು ಹೇಳಿದ್ದಕ್ಕೆ ಹತ್ತಿರ ಹತ್ತಿರ ಅದೇ! ಆವಾಗಿನ ಕಾಲದಲ್ಲೇ ಎಷ್ಟು ಕರೆಕ್ಟಾಗಿ ನೋಡಿದ್ರಿ ನೀವು! ಬಟ್ಟಲಿಗೆ ಗಾಜಿನ ಪೆಟ್ಟಿಗೆ ಮಾಡ್ಸಿದೀವಿ. ಕತೆಯೆಲ್ಲಾ ಬೋರ್ಡ್‌ನಲ್ಲಿ ಬರ್ಸಿದೀವಿ. ಬೊಮ್ಮಪ್ಪನ ಗಳಿಗೆ ಅಂದ್ರೆ ಇವಾಗ ಫೇಮಸ್ಸಲ್ವಾ?" ಮುದುಕನ ಎದುರಿಗೇ ಹೇಳಿದ. ಕೆಡುಕಿನಿಂದಲ್ಲ, ಅವನಿಗೆ ಅದೊಂದು ಊರಿನ ಹೆಮ್ಮೆ. ಬೊಮ್ಮಪ್ಪ ನೀರನ್ನು ನೋಡುತ್ತಿದ್ದ.

ಹಾಗಾದರೆ ಮುಗಿಯಿತು, ಎಂದಿತು ಅವಳೊಳಗೆ ಯಾವುದೋ ಒಂದು. ಆ ಹಗುರವನ್ನು ಅವಳು ಚೆನ್ನಾಗಿ ಗುರುತಿಸಿದಳು, ಗುರುತಿಸಿ ನಾಚಿದಳು. ತೂತು ನಿಜವಾಗಿಯೂ ದೊಡ್ಡದಿರಬಹುದು. ಇಷ್ಟು ವರ್ಷ ತಾನು ಸುಮ್ಮನೆ ನವೆದಿರಬಹುದು. ಒಂದು ಲೋಟ ಕಾಫಿ ಕುಡಿದು, ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಹನ್ನೊಂದರ ಬಸ್ಸಿಗೆ ಹೋಗಬಹುದು. ಚೀಲದೊಳಗೆ ಕೈ ಕರವಸ್ತ್ರವನ್ನು ಮುಟ್ಟಿತು. ಆಗ ಬೊಮ್ಮಪ್ಪ, ಯಾರಿಗೂ ಅಲ್ಲದ ಹಾಗೆ, ಬಹುಶಃ ಮೂವತ್ತೈದು ವರ್ಷದಿಂದ ಮನೆಯಲ್ಲಿ ಹೇಳಿ ಹೇಳಿ ಸವೆದ ದನಿಯಲ್ಲಿ, "ತೂಬಿನ ನೀರೇ ಆಗ್ಬೇಕು" ಅಂದ.

"ಶುರು ಆಯ್ತು ನೋಡು," ಎಂದು ಹಿಂದೆ ಯಾರೋ ನಕ್ಕರು.

ಅನಸೂಯ ಥರ್ಮಾಮೀಟರು ತೆಗೆದು ಟಬ್ಬಿನೊಳಗೆ ಇಳಿಸಿದಳು. ಗಾಜು ಅಂಚಿಗೆ ತಗುಲಿ ಟಕ್ ಅಂದಿತು. ಪಾದರಸ ಮೂವತ್ತೊಂಬತ್ತಕ್ಕೆ ಏರಿ ನಿಂತಿತು. "ಈ ನೀರು ಯಾಕೆ ಬಿಸಿ ಇದೆ?"

"ಬಟ್ಟಲು ಕಿಲುಬು ಹಿಡಿದಿತ್ತಲ್ಲ ಮೇಡಂ, ಕಾಫಿ ಒಲೆ ಮೇಲೆ ನೀರು ಕಾಯ್ಸಿ ತೊಳೆದ್ವಿ. ಅದೇ ನೀರಲ್ಲೇ ಬಿಟ್ವಿ. ಈಗ ಕಮ್ಮಿಯಾಗಿದೆ, ಆವಾಗ ಇನ್ನೂ ಬೆಚ್ಚಗಿತ್ತು. ನೀರು ನೀರೇ ತಾನೆ?"

ನೀರು ನೀರೇ ತಾನೆ. ಅವಳು ಕೊಡವೊಂದನ್ನು ಕೇಳಿ ಇಸಿದುಕೊಂಡು ಏರಿಯ ಹಿಂಬದಿಯ ಕಲ್ಲುಮೆಟ್ಟಿಲು ಇಳಿಯತೊಡಗಿದಳು. ಒಬಳರಾಜು, "ನಾನು ತತ್ತೀನಿ ಬುಡಿ ಮೇಡಂ, ಪಾಚಿ ಐತೆ," ಎಂದು ಹಿಂದೆಯೇ ಬಂದ. ಬೇಡವೆಂದಳು. ಸೀರೆ ಎತ್ತಿ ಕಟ್ಟಿ, ಐವತ್ತೆರಡು ವರ್ಷದ ಮಂಡಿಗಳನ್ನು ಒಂದೊಂದಾಗಿ ಮೆಟ್ಟಿಲಿಗೆ ಊರುತ್ತ ಇಳಿಯುವಾಗ ಮೇಲಿನಿಂದ ಎಲ್ಲರೂ ನೋಡುತ್ತಿದ್ದಾರೆ, ತನ್ನ ಹಿಂಭಾಗ ಎಷ್ಟು ಅಗಲವಾಗಿ ಕಾಣುತ್ತಿರಬಹುದು ಎಂಬ ಯೋಚನೆ ಆ ಹೊತ್ತಿನಲ್ಲೂ ಬಂತು. ತೂಬಿನ ಗುಂಡಿಯಲ್ಲಿ ಮುಚ್ಚಿದ ಬಾಗಿಲ ಸಂದಿಯಿಂದ ಒಂದು ಬೆರಳು ಗಾತ್ರದ ನೀರು ಸೋರುತ್ತಿತ್ತು. ಕೈ ಒಡ್ಡಿದಳು. ತಣ್ಣಗಿತ್ತು. ಎಷ್ಟು ಸರಳವಾಗಿ ತಣ್ಣಗಿತ್ತು! ಅವತ್ತು ಹದಿನೇಳು ವರ್ಷದ ಕಾಲಿನಲ್ಲಿ ಇಪ್ಪತ್ತು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು.

ತೂಬಿನ ಮನೆಯೊಳಗಿನ ಹಳೆಯ ಕಲ್ಲುಬಾನಿಗೆ ಎರಡು ಕೊಡ ಹೊತ್ತಳು. ಮೂರನೆಯದನ್ನು ಒಬಳರಾಜು ಕಿತ್ತುಕೊಂಡು ಹೊತ್ತ. ಇಪ್ಪತ್ತೆರಡೂವರೆ ಡಿಗ್ರಿ. ಬೊಮ್ಮಪ್ಪನನ್ನು ಕುರ್ಚಿ ಸಮೇತ ಒಳಗೆ ತಂದು ಕೂರಿಸಿದರು. ಬಟ್ಟಲನ್ನು ಅವಳು ಅವನ ಕೈಗೆ ಕೊಟ್ಟಳು. ಅವನು ಅದನ್ನು ತಿರುಗಿಸಿ, ತೂತನ್ನು ಹೆಬ್ಬೆರಳಿನಿಂದ ಸವರಿ, ಬಾಗಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿನ ಮೇಲೆ ಬಿಟ್ಟ. ಹತ್ತು ಗಂಟೆ ನಾಲ್ಕು ನಿಮಿಷ. ಜಯರಾಮು ಮೊಬೈಲು ಒತ್ತಿದ. ಬಾಗಿಲಲ್ಲಿ ಜನ ಕವಿದು ಕೋಣೆ ಕತ್ತಲಾಯಿತು.

ಹೇಳಬೇಕಾದದ್ದು ಈಗಲೇ. ಬಟ್ಟಲು ಮುಳುಗಿದ ಮೇಲೆ ಹೇಳಿದರೆ ಅದು ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ. ಅವಳು ಬಾಗಿಲ ಕಡೆ ತಿರುಗಿದಳು. ಬಂದದ್ದು ತರಗತಿಯ ದನಿ. "ದ್ರವಗಳಿಗೆ ಸ್ನಿಗ್ಧತೆ ಅಂತ ಒಂದು ಗುಣ ಇರುತ್ತದೆ. ತಾಪಮಾನ ಹೆಚ್ಚಾದಂತೆ ಅದು ಕಡಿಮೆಯಾಗುತ್ತದೆ. ಎಂಬತ್ತೇಳರಲ್ಲಿ ಪರೀಕ್ಷೆ ನಡೆಸಿದಾಗ ಈ ಅಂಶವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ..." ತೆಗೆದುಕೊಂಡಿರಲಿಲ್ಲ. ಯಾರು? ವಾಕ್ಯದಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿದ್ದವರು ಗೌರವದಿಂದ, ಏನೂ ಅರ್ಥವಾಗದೆ, ತಲೆ ಆಡಿಸುತ್ತಿದ್ದರು. ಗೋಡೆಗೊರಗಿ ಕೂತಿದ್ದ ಚಿಕ್ಕಕ್ಕ ಬಾಯಿಯ ಎಲೆಯಡಿಕೆಯನ್ನು ದವಡೆಗೆ ಸರಿಸಿದಳು.

"ಅದೆಲ್ಲ ಇರ್ಲವ್ವಾ. ತಪ್ಪು ಯಾರ್ದು, ಅದೊಂದು ಹೇಳ್ಬುಡು."

"ನಂದು," ಅಂದಳು ಅನಸೂಯ.

ಚಿಕ್ಕಕ್ಕನ ಕಡೆಗೇ ತಿರುಗಿ ಮುಂದುವರಿಸಿದಳು. "ಅವತ್ತು ಬಿಸಿಲಲ್ಲಿ ಕಾದಿದ್ದ ನೀರಿನಲ್ಲಿ ಬಟ್ಟಲು ಬಿಟ್ಟೆವು. ಬಿಸಿ ನೀರಲ್ಲಿ ಬಟ್ಟಲು ಬೇಗ ಮುಳುಗುತ್ತದೆ. ತೂಬಿನ ನೀರು ತನ್ನಿ ಅಂತ ಬೊಮ್ಮಪ್ಪಣ್ಣ ಹೇಳಿದ್ರು. ನಾನು ತರಿಸಲಿಲ್ಲ. ನಕ್ಕೆ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯ್ತು. ಗೊತ್ತಾಗಿ ಇಪ್ಪತ್ಮೂರು ವರ್ಷ ಸುಮ್ಮನಿದ್ದೆ."

"ಇಪ್ಪತ್ಮೂರು," ಎಂದಳು ಚಿಕ್ಕಕ್ಕ. ಆ ಅಂಕಿಯನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು ಕೈ ಬಿಟ್ಟಂತಿತ್ತು. ಒಬಳರಾಜು ಮುಖ ತಿರುಗಿಸಿ ಕಿಟಕಿಯ ಸರಳು ಹಿಡಿದು ನಿಂತ. ಅವನ ಅಂಗಿಯ ಬೆನ್ನು ಕೊಡದ ನೀರಿನಿಂದ ಒದ್ದೆಯಾಗಿತ್ತು. ಅವನು ಈಗ ಬೈದರೆ, ಹೊಡೆದರೆ! ಅವನು ಬೈಯಲಿಲ್ಲ. "ನೀನು ಲೆಕ್ಕದಲ್ಲಿ ಯಾವತ್ತೂ ತಪ್ಪು ಮಾಡ್ತಿರ್ಲಿಲ್ಲ ಕಣೆ," ಅಂದ. ಮೇಡಂ ಎಂಬುದು ಬಿಟ್ಟುಹೋಗಿತ್ತು. ಅವಳ ಕಣ್ಣು ತುಂಬಿದ್ದು ಆಗಲೇ.

ಜಯರಾಮು ಮೆಲ್ಲನೆ, "ಹಂಗಾರೆ ಬೋರ್ಡು..." ಎಂದು ಶುರು ಮಾಡಿದ. ಹೊರಗೊಬ್ಬರು, "ಬೋರ್ಡಿರ್ಲಿ ಕಣ್ಲಾ, ಗಾದೆ ಏನ್ಮಾಡಾದು? ಬೊಮ್ಮಪ್ಪನ ಗಳಿಗೆ ಅಂದ್ರೆ ಈಗ ಏನರ್ಥ?" ಅಂದರು. ಒಂದಿಬ್ಬರು ನಗಲು ಹೋಗಿ ನಿಲ್ಲಿಸಿಕೊಂಡರು.

"ಸುಮ್ಕಿರ್ರೋ. ಗಳಿಗೆ ಇನ್ನೂ ಆಗಿಲ್ಲ," ಎಂದ ಬೊಮ್ಮಪ್ಪ.

ಅವನಿಗೆ ಎಷ್ಟು ಕೇಳಿಸಿತ್ತೋ, ಎಷ್ಟು ಇಲ್ಲವೋ. ಅನಸೂಯ ಅವನ ಕುರ್ಚಿಯ ಬಳಿ ನೆಲಕ್ಕೆ ಕೂತಳು. ಬಟ್ಟಲಿನೊಳಗೆ ನೀರಿನ ಸಣ್ಣ ಬುಗ್ಗೆ ಮಿಡಿಯುತ್ತಿತ್ತು, ಕುರಿಮರಿಯ ಗಂಟಲಿನ ಹಾಗೆ. ಹದಿನೈದು ನಿಮಿಷವಾಗಿತ್ತು. "ಅವತ್ತು ನಾನು ನಕ್ಕಿದ್ದು ನೋಡಿದ್ರಾ?" ಎಂದು ಕೇಳಿದಳು. ಮೂವತ್ತೈದು ವರ್ಷದಲ್ಲಿ ಕೇಳಬೇಕೆನ್ನಿಸಿದ್ದು ಕೊನೆಗೆ ಇದೊಂದೇ ಎಂಬುದು ಅವಳಿಗೇ ವಿಚಿತ್ರವಾಗಿ ಕಂಡಿತು.

"ನಿನ್ ಮುಖ ಎಲ್ಲಿ ನೋಡ್ದೆ ನಾನು? ವಾಚ್ ನೋಡ್ತಿದ್ದೆ ಕಣಮ್ಮ," ಎಂದ ಮುದುಕ. "ಆ ಸಣ್ಣ ಮುಳ್ಳು ಓಡೋದು ನೋಡ್ತಾ ನೋಡ್ತಾ, ಎಷ್ಟು ಅರ್ಜೆಂಟಪ್ಪಾ ಇದಕ್ಕೆ ಅನ್ನುಸ್ತು. ನಮ್ ಬಟ್ಟಲು ಅದರ ಜೊತೀಲಿ ಓಡಾಕೆ ಹೋಗಿ ಬಿತ್ತು ಅಂದ್ಕಂಡೆ." ಬಟ್ಟಲಿನ ಕಡೆ ನೋಡುತ್ತ, "ನಾನೇ ಏನೋ ಮಾಡಿದ್ನೇನೋ ಅಂತ್ಲೂ ಒಂದೊಂದು ಸಲ ಅನ್ನುಸ್ತಿತ್ತು. ಎಲ್ರೂ ಅಂದ್ರೆ ಅಂಗೇ ಅನ್ಸಾದು," ಅಂದ.

ಇದಕ್ಕೆ ಅವಳು ಸಿದ್ಧವಾಗಿ ಬಂದಿರಲಿಲ್ಲ. ಗದ್ದೆ ಹೋದದ್ದು, ಬೀಗದ ಕೈ ಹೋದದ್ದು, ಹೆಸರು ಹೋದದ್ದು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ತನ್ನ ಕೈ ತನ್ನದೋ ಅಲ್ಲವೋ ಎಂದು ಒಬ್ಬ ಮನುಷ್ಯ ಇಷ್ಟು ವರ್ಷ ಅನುಮಾನದಿಂದ ನೋಡಿಕೊಂಡಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ತೊಡೆಯ ಮೇಲಿದ್ದ ಆ ಕೈಯನ್ನು ನೋಡಿದಳು. ಹೆಬ್ಬೆರಳು ಇನ್ನೂ ಒದ್ದೆಯಾಗಿತ್ತು. ಇಪ್ಪತ್ತೊಂದನೇ ನಿಮಿಷ ಬಂತು. ಜಯರಾಮು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. ಅವಳ ವಾಚಿನ ಮುಳ್ಳು ಇಪ್ಪತ್ತನ್ನು ದಾಟಿತು, ಮೂವತ್ತೈದನ್ನು ದಾಟಿತು. ಬಟ್ಟಲು ತೇಲುತ್ತಿತ್ತು. ಇಪ್ಪತ್ತೆರಡು. ಚಿಕ್ಕಕ್ಕ ಗೋಡೆ ಬಿಟ್ಟು ಮುಂದಕ್ಕೆ ಜರುಗಿದಳು. ಅವಳ ಮಂಡಿ ಅನಸೂಯಳ ಮಂಡಿಗೆ ತಾಗಿತು, ತಾಗಿದ್ದನ್ನು ಮುದುಕಿ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇಪ್ಪತ್ಮೂರು. ಬಟ್ಟಲಿನ ಅಂಚು ನೀರಿಗೆ ಒಂದು ಕೂದಲೆಳೆಯಷ್ಟು ಮೇಲಿತ್ತು. ಬೊಮ್ಮಪ್ಪ ಕಣ್ಣು ಮುಚ್ಚಿಕೊಂಡು ಕಿವಿಯನ್ನು ಬಾನಿಯ ಕಡೆ ಬಾಗಿಸಿದ. ಅಂಚು ಒಂದು ಕಡೆ ವಾಲಿತು, ಬುಳುಕ್ ಎಂದಿತು, ತಾಮ್ರ ಕಲ್ಲಿನ ತಳಕ್ಕೆ ಮುಟ್ಟಿದ ಸದ್ದು ಹೊರಗಿನವರಿಗೂ ಕೇಳಿಸಿತು.

"ಎಷ್ಟು?" ಎಂದ ಒಬಳರಾಜು, ಕಿಟಕಿಯಿಂದ ತಿರುಗದೆ.

ಅನಸೂಯ ಎದ್ದು ನಿಂತು, ತರಗತಿಯದಲ್ಲದ ದನಿಯಲ್ಲಿ, ಏರಿಯ ಕೊನೆಯಲ್ಲಿದ್ದವರಿಗೂ ಕೇಳುವಂತೆ ಹೇಳಿದಳು. ನೀರಿನ ತಾಪಮಾನ ಇಪ್ಪತ್ತೆರಡೂವರೆ ಡಿಗ್ರಿ. ಗಳಿಗೆ, ಇಪ್ಪತ್ತನಾಲ್ಕು ನಿಮಿಷ ಆರು ಸೆಕೆಂಡು.